ಮನೆಗೆ ಬರೆದದ್ದು, ಊರಿಗೆ ಹೋದದ್ದು

ನೀರು ಸರಬರಾಜು ಕಚೇರಿಯ ಸಾಮಾಜಿಕ ಜಾಲತಾಣದ ಪುಟವನ್ನು ನೋಡಿಕೊಳ್ಳುತ್ತಿದ್ದವಳಿಗೆ ಊರಿನವರು ಇಟ್ಟ ಹೆಸರು ನಲ್ಲಿ ಅಕ್ಕ. ಅವಳ ಮುಖ ನೋಡಿದವರು ಕಡಿಮೆ, ಅವಳ ಬಾಯಿ ಗೊತ್ತಿಲ್ಲದವರು ಇನ್ನೂ ಕಡಿಮೆ.

ಅವಳು ಗುತ್ತಿಗೆಯ ಮೇಲೆ ಕೆಲಸಕ್ಕೆ ಬರುವ ಮೊದಲೂ ಆ ಪುಟ ಇತ್ತು. ಅದರ ತುಂಬ ಅಧಿಕಾರಿಗಳು ಒಬ್ಬರ ಕೈ ಒಬ್ಬರು ಕುಲುಕುವ ಫೋಟೊಗಳು. ಪ್ರತಿ ಫೋಟೊದ ಕೆಳಗೂ ಜನ ಒಂದೇ ಮಾತು ಬರೆಯುತ್ತಿದ್ದರು, ನಮ್ಮ ಬೀದಿಗೆ ನೀರು ಬಂದಿಲ್ಲ ಅಂತ. ಗೋಡೆಯ ಜೊತೆ ಮಾತಾಡಿದರೆ ಪ್ರತಿಧ್ವನಿಯಾದರೂ ಬಂದೀತು, ಈ ಪುಟದಿಂದ ಅದೂ ಇಲ್ಲ. ಇವಳು ಬಂದ ದಿನ ಅಂಥದೊಂದು ಗೋಳಿನ ಕೆಳಗೆ ಬರೆದಳು: ಯಾವ ಬೀದಿ? ಕೆಳಮನೆಯೋ ಮಹಡಿಯೋ? ಬರೆದವನಿಗೆ ನಂಬಿಕೆಯೇ ಬರಲಿಲ್ಲ, ನೀವು ಮನುಷ್ಯರಾ ಎಂದು ಕೇಳಿದ. ಸದ್ಯಕ್ಕೆ ಹೌದು ಎಂದಳು. ಅಲ್ಲಿಂದ ಶುರುವಾಯಿತು.

"ನಿಮ್ಮ ದೂರನ್ನು ಸ್ವೀಕರಿಸಲಾಗಿದೆ" ಎಂಬ ಮಾತನ್ನು ಅವಳು ಒಮ್ಮೆಯೂ ಬರೆದವಳಲ್ಲ. ದೂರು ಬಂದರೆ ಮೆಟ್ಟಿಲಿಳಿದು ಪೈಪ್ ಮೇಸ್ತ್ರಿಯ ಕೋಣೆಗೆ ಹೋಗಿ ವಿಚಾರಿಸಿಕೊಂಡು ಬಂದು ಉತ್ತರ ಬರೆಯುವುದು ಅವಳ ಪದ್ಧತಿ. ಮೇಸ್ತ್ರಿಗೂ ತಿಳಿಯದಿದ್ದರೆ, ಗೊತ್ತಿಲ್ಲ, ಕೇಳಿ ಹೇಳ್ತೀನಿ ಎಂದು ಬರೆದು, ಕೇಳಿ ಹೇಳುತ್ತಿದ್ದಳು. ಸರ್ಕಾರಿ ಕಚೇರಿಯೊಂದು ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡಿದ್ದನ್ನು ಊರು ಅದೇ ಮೊದಲು ಓದಿದ್ದು. ಹಾಗೆ ಒಪ್ಪಿಕೊಳ್ಳುವವರು ಗೊತ್ತು ಎಂದಾಗ ನಂಬಬಹುದಲ್ಲ! ಜನ ನಂಬಿದರು.

ನಂಬದೆ ಉಳಿದಿದ್ದು ಅವಳ ಅತ್ತೆ ಒಬ್ಬರೇ. ಹೂವಿನ ಚಿತ್ರ ಹಾಕಿಕೊಂಡು, ಬಾಯಾರಿದ ಗೃಹಿಣಿ ಎಂಬ ಸುಳ್ಳು ಹೆಸರಿನಲ್ಲಿ ಅವರು ಆ ಪುಟಕ್ಕೆ ಬಂದು ದಿನಾ ದೂರು ಹಾಕುತ್ತಿದ್ದರು. ಮೂರನೇ ಮಹಡಿಗೆ ನೀರು ಕೂದಲೆಳೆಯ ಹಾಗೆ ಬರ್ತಿದೆ, ಇಲಾಖೆಯವರು ನಿದ್ದೆ ಮಾಡ್ತಿದ್ದಾರಾ? ಸೊಸೆ ಎದುರಿಗೇ ಇರುತ್ತಾಳಲ್ಲ, ಮನೆಯಲ್ಲೇ ಹೇಳಬಾರದೇ ಎಂದು ಮಗ ಕೇಳಿದ್ದಕ್ಕೆ, ಮನೆಯಲ್ಲಿ ಹೇಳಿದರೆ ಹೂಂ ಎಂದು ಎದ್ದು ಹೋಗುತ್ತಾಳೆ, ಅಲ್ಲಿ ಬರೆದರೆ ಉತ್ತರ ಕೊಡಲೇಬೇಕು ಎಂದಿದ್ದರು. ಮಾತಿನಲ್ಲಿ ಸತ್ಯವಿತ್ತು. ನಲ್ಲಿ ಅಕ್ಕ ಬಾಯಾರಿದ ಗೃಹಿಣಿಗೂ ಎಲ್ಲರಿಗೆ ಕೊಟ್ಟಷ್ಟೇ ಮರ್ಯಾದೆಯಿಂದ ಉತ್ತರ ಕೊಡುತ್ತಿದ್ದಳು. ಊರಿಗೆಲ್ಲ ಅಕ್ಕನಾದವಳು ತಮ್ಮ ಸೊಸೆ ಎಂದು ಮಾತ್ರ ಅತ್ತೆ ಯಾರ ಹತ್ತಿರವೂ ಬಾಯಿಬಿಟ್ಟವರಲ್ಲ. ಹೊಗಳಿದರೆ ತಲೆ ಮೇಲೆ ಕೂರುತ್ತಾಳೆ ಎಂಬುದು ಅವರ ಸಿದ್ಧಾಂತ. ಸೊಸೆಗೆ ಇದು ಒಳಗೊಳಗೇ ಚುಚ್ಚುತ್ತಿತ್ತು.

ಒಂದು ದಿನ ಬೆಳಿಗ್ಗೆ ಪ್ರಯೋಗಾಲಯದವನು ಅವಳ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದ. ಪೂರ್ವದ ಟ್ಯಾಂಕಿನ ಕಡೆಯಿಂದ ತಂದ ನೀರಿನಲ್ಲಿ ಏನೋ ಎಡವಟ್ಟಿದೆ, ಚರಂಡಿ ನೀರು ಸೇರಿರಬಹುದು, ಖಚಿತವಾಗಲು ಎರಡನೇ ಪರೀಕ್ಷೆ ಮುಗಿಯಬೇಕು, ಅದು ಸಂಜೆಗೆ ಎಂದ. ಅವಳು ಕೂಡಲೇ ಸಾರ್ವಜನಿಕರ ಗಮನಕ್ಕೆ ಎಂದು ಪ್ರಕಟಣೆ ಬರೆದಿಟ್ಟಳು. ಆದರೆ ಹಾಕುವಂತಿರಲಿಲ್ಲ. ಎರಡು ಪರೀಕ್ಷೆ ಮುಗಿದು ತಾನು ಒಪ್ಪದೆ ಇಂಥದ್ದೊಂದು ಅಕ್ಷರವೂ ಹೊರಗೆ ಹೋಗಬಾರದು ಎಂಬುದು ಮುಖ್ಯ ಎಂಜಿನಿಯರ್ ಮಾಡಿದ ನಿಯಮ. ಹಿಂದೊಮ್ಮೆ ಸುಳ್ಳು ಸುದ್ದಿ ಹಬ್ಬಿ ಜನ ಅಂಗಡಿಗಳ ಮುಂದೆ ನೀರಿನ ಬಾಟಲಿಗೆ ಕಿತ್ತಾಡಿದ್ದನ್ನು ಅವರು ಕಣ್ಣಾರೆ ಕಂಡಿದ್ದರು, ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಈಗ ಅವರು ಸಭೆಯಲ್ಲಿದ್ದರು, ಫೋನು ಆರಿತ್ತು. ನಿಯಮ ಮೀರಿದ ಗುತ್ತಿಗೆಯವರಿಗೆ ಮರುದಿನ ಕುರ್ಚಿ ಇರುವುದಿಲ್ಲ ಎಂಬುದು ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

ಅವಳ ಮನೆ ಇದ್ದದ್ದೂ ಪೂರ್ವದ ಟ್ಯಾಂಕಿನ ಕೆಳಗೇ. ಬಾಣಂತಿ ನಾದಿನಿ ಕೂಸಿನ ಜೊತೆ ಅಲ್ಲೇ ಇದ್ದಳು. ಎಲ್ಲ ಮನೆಗಳಲ್ಲೂ ಇರುವ ಹಾಗೆ ಅವರ ಮನೆಯಲ್ಲೂ ಅತ್ತೆ ಇಲ್ಲದ ಒಂದು ಗುಂಪು ಇತ್ತು, ಅದೇ ಜಾಲತಾಣದಲ್ಲಿ, ಅದೇ ಫೋನಿನಲ್ಲಿ. ಅವಳು ಬೇಗ ಬೇಗ ಬೆರಳಾಡಿಸಿದಳು:

"ನಲ್ಲಿ ನೀರು ಯಾರೂ ಹಾಗೇ ಕುಡೀಬೇಡಿ. ಚರಂಡಿ ನೀರು ಸೇರಿರೋ ಅನುಮಾನ ಇದೆ, ಪರೀಕ್ಷೆ ಇನ್ನೂ ಮುಗಿದಿಲ್ಲ. ಚೆನ್ನಾಗಿ ಕುದಿಸಿ ಆರಿಸಿ ಕುಡೀರಿ. ಪಾಪೂ ಬಾಯಿಗೆ ಒಂದು ಹನಿ ಹಸಿ ನೀರೂ ಹೋಗಬಾರದು. ಅತ್ತೆಗೆ ಹೇಳಬೇಡಿ, ಊರಿಗೆಲ್ಲ ಡಂಗುರ ಸಾರ್ತಾರೆ."

ಕಳಿಸಿ, ನಿರಾಳವಾಗಿ ಫೋನು ಮಗುಚಿಟ್ಟು, ಪ್ರಯೋಗಾಲಯದಲ್ಲಿ ಬೇರೇನಾದರೂ ತಿಳಿಯಿತೇ ಎಂದು ಕೇಳಲು ಹೋದಳು. ತಿರುಗಿ ಬಂದಾಗ ಫೋನು ಮೇಜಿನ ಮೇಲೆ ಗುಂಯ್‌ಗುಡುತ್ತ ಅಂಚಿನವರೆಗೆ ಸರಿದಿತ್ತು. ಎತ್ತಿಕೊಂಡರೆ, ಯಾರೋ ಗುರುತಿಲ್ಲದ ಹೆಂಗಸು ಬರೆದಿದ್ದಳು:

"ಅಕ್ಕಾ, ನಾವು ನಿಮ್ಮ ಮನೆಯವರಲ್ಲ. ನಾವೂ ಕುದಿಸಬೇಕಾ? ನಮ್ಮನೇಲೂ ಪುಟ್ಟ ಮಗು ಇದೆ."

ಮನೆಯ ಗುಂಪಿಗೆ ಇವಳು ಹೇಗೆ ಬಂದಳು ಎಂದು ಒಂದು ಕ್ಷಣ ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಪರದೆಯ ಮೇಲ್ತುದಿ ನೋಡಿದಳು. ಪ್ರಕಟಣೆ ಬರೆಯಲು ತೆರೆದಿಟ್ಟಿದ್ದ ಕಚೇರಿಯ ಪುಟ ಹಾಗೇ ತೆರೆದಿತ್ತು. ಮನೆಗೆ ಬರೆದದ್ದು ಇಲಾಖೆಯ ಹೆಸರಿನಲ್ಲಿ, ಇಲಾಖೆಯ ಮುದ್ರೆಯ ಕೆಳಗೆ, ಅತ್ತೆಯ ಸಮೇತ ಊರಿಗೆ ಹೋಗಿಬಿಟ್ಟಿತ್ತು.

ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಿದ್ದರೆ ಮುಗಿಯುತ್ತಿತ್ತು, ಇನ್ನೂ ಊರೆಲ್ಲ ನೋಡಿರಲಿಲ್ಲ, ಕೈತಪ್ಪು ಎಂದರೆ ನಂಬುತ್ತಿದ್ದರು, ಕೆಲಸವೂ ಉಳಿಯುತ್ತಿತ್ತು. ಆದರೆ ಆ ಹೆಂಗಸಿನ ಪ್ರಶ್ನೆಗೆ ಏನು ಉತ್ತರ ಕೊಡುವುದು? ನನ್ನ ಮನೆಯ ಕೂಸು ಬೆಳಿಗ್ಗೆಯೇ ಕುದಿಸಿದ ನೀರು ಕುಡಿಯಲಿ, ನಿನ್ನ ಕೂಸು ಸಂಜೆಯವರೆಗೆ ಕಾಯಲಿ ಅಂತಲೇ? ಅವಳಿಗೆ ನಾಚಿಕೆಯಾಯಿತು. ನಿಯಮ ಮೀರಿದ್ದಕ್ಕಲ್ಲ, ಅದನ್ನು ಮನೆಗಾಗಿ ಮಾತ್ರ ಮೀರಲು ಹೊರಟಿದ್ದಕ್ಕೆ. ಊರಿಗೆಲ್ಲ ಅಕ್ಕ ಎನಿಸಿಕೊಂಡು, ತಂಗಿಯರನ್ನು ಬಾಗಿಲ ಹೊರಗೆ ನಿಲ್ಲಿಸಿದ ಹಾಗಾಗಿತ್ತು.

ಬೆರಳು ತೆಗೆದಳು. ಹೌದು ತಾಯಿ, ನೀವೂ ಕುದಿಸಿ, ಪಕ್ಕದ ಮನೆಯವರಿಗೂ ಹೇಳಿ ಎಂದು ಬರೆದಳು. ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಪೂರ್ವದ ಟ್ಯಾಂಕಿನ ಕೆಳಗಿನವರೆಲ್ಲ ನಿಮ್ಮ ನಲ್ಲಿ ನೀರು ಮೂಸಿ ನೋಡಿ, ವಾಸನೆ ಇದೆಯೋ ಇಲ್ಲವೋ, ಯಾವ ಬೀದಿ ಅಂತ ಬರೀರಿ. ಇಲ್ಲ ಅಂದರೂ ಬರೀರಿ.

ಊರು ಮೂಗು ಮುಂದೆ ಮಾಡಿತು. ಕೇಳಿದ್ದಷ್ಟೇ ಹೇಳುವ ಜಾತಿಯೇ ಜನ? ಒಬ್ಬ ವಾಸನೆ ಇದೆ, ಆದರೆ ಅದು ನಮ್ಮ ಭಾವನ ಸಾಕ್ಸಿನದ್ದೂ ಇರಬಹುದು ಎಂದ. ದರ್ಜಿಯೊಬ್ಬ ಅಕ್ಕಪಕ್ಕದ ಅಂಗಡಿಗಳಲ್ಲೆಲ್ಲ ಮೂಸಿ ಬಂದು ಬರೆದ. ಮೇಲಿನ ಬೀದಿಯ ಶಾಲೆಯ ಟೀಚರು ತಮ್ಮಲ್ಲಿ ವಾಸನೆ ಇಲ್ಲ, ಆದರೂ ಮಕ್ಕಳ ಬಾಟಲಿಗಳನ್ನೆಲ್ಲ ಚೆಲ್ಲಿಸಿದ್ದೇವೆ ಎಂದರು. ಪೈಪ್ ಮೇಸ್ತ್ರಿ ಕೊಳವೆಗಳ ನಕ್ಷೆಯನ್ನು ಅವಳ ಮೇಜಿನ ಮೇಲೆ ಹರಡಿದ. ಅವಳು ಬೀದಿಯ ಹೆಸರು ಓದುತ್ತಾ ಹೋದಳು, ಅವನು ವಾಸನೆ ಇದ್ದಲ್ಲಿ ಕೆಂಪು, ಇಲ್ಲದಲ್ಲಿ ನೀಲಿ ಗುರುತು ಹಾಕುತ್ತಾ ಹೋದ. ಮಧ್ಯಾಹ್ನದ ಹೊತ್ತಿಗೆ ನೀಲಿ ಎಲ್ಲಿ ಮುಗಿದು ಕೆಂಪು ಎಲ್ಲಿ ಶುರುವಾಗುತ್ತದೆ ಎಂಬುದು ಕುರುಡನಿಗೂ ಕಾಣುವಂತಿತ್ತು. ಹಳೇ ಚರಂಡಿಯ ಪಕ್ಕದ ತಿರುವು ಅದು. ಮೇಸ್ತ್ರಿ ಗುದ್ದಲಿಯವರನ್ನು ಕರೆದುಕೊಂಡು ಹೊರಟ.

ಅಷ್ಟರಲ್ಲಿ ಮುಖ್ಯ ಎಂಜಿನಿಯರ್ ಬಂದರು. ಅವರ ಬೂಟಿನ ಸದ್ದಿಗೇ ಕೋಣೆಯವರೆಲ್ಲ ತಲೆ ತಗ್ಗಿಸಿದರು. ಅವಳು ಎದ್ದು ನಿಂತು, ಆದದ್ದನ್ನು ಒಂದೂ ಮುಚ್ಚಿಡದೆ ಹೇಳಿದಳು. ಹಾಕಿದ್ದು ಕೈತಪ್ಪಿ, ಅಳಿಸದೆ ಬಿಟ್ಟಿದ್ದು ಬೇಕಂತಲೇ.

"ಉಪ್ಪು ತಿಂದಿದ್ದೀನಿ ಸಾರ್, ನೀರು ಕುಡೀತೀನಿ," ಎಂದಳು. "ಕುದಿಸಿ."

ಅವರು ನಗಲಿಲ್ಲ. ನಕ್ಷೆಯ ಮೇಲೆ ಬಾಗಿ ಕೆಂಪು ನೀಲಿಗಳನ್ನು ಬೆರಳಿಟ್ಟು ನೋಡಿದರು. ಆಮೇಲೆ ಅವಳ ಎದುರಿನ ಕುರ್ಚಿಯಲ್ಲಿ ಕುಳಿತರು. ಆ ಕುರ್ಚಿಯಲ್ಲಿ ಅವರು ಕೂತದ್ದನ್ನು ಯಾರೂ ಕಂಡಿರಲಿಲ್ಲ.

"ಸಭೆ ಮುಗಿದು ಫೋನ್ ಹಾಕಿದರೆ ಮೊದಲು ಬಂದದ್ದು ನನ್ನ ಹೆಂಡತಿ ಕರೆ," ಎಂದರು. "ನಲ್ಲಿ ಅಕ್ಕ ಮನೆಯವರಿಗೆ ಹೇಳ್ತಾಳೆ, ನೀವು ಯಾಕೆ ಹೇಳಲಿಲ್ಲ ಅಂದಳು. ನೀನು ಹಾಕಿದ್ದನ್ನ ಅಳಿಸಬೇಡ. ಕೆಳಗೆ ಮುಖ್ಯ ಎಂಜಿನಿಯರ್ ಒಪ್ಪಿಗೆ ಇದೆ ಅಂತ ಹಾಕು."

ಹಾಕಿದಳು. ಹಾಕುವ ಮುನ್ನ ಯಾವ ಪುಟ ತೆರೆದಿದೆ ಎಂದು ಎರಡು ಸಲ ನೋಡಿಕೊಂಡಳು.

ಎರಡನೇ ಪರೀಕ್ಷೆಯೂ ಅನುಮಾನವನ್ನು ನಿಜ ಮಾಡಿತು. ಅದನ್ನು ಕಾದಿದ್ದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಗುತ್ತಿತ್ತು. ಅಷ್ಟು ಹೊತ್ತಿಗೆ ಮೇಸ್ತ್ರಿ ಒಡೆದ ಕೊಳವೆಯ ಫೋಟೊ ಕಳಿಸಿ, ನೀರು ನಿಲ್ಲಿಸಿ ದುರಸ್ತಿಗೂ ಕೈ ಹಾಕಿದ್ದ. ಎಂಜಿನಿಯರ್ ಹೋಗುವ ಮುನ್ನ ಹಳೇ ನಿಯಮಕ್ಕೆ ಒಂದು ಸಾಲು ಸೇರಿಸಿದರು: ಕಚೇರಿಯವರು ಇಂಥ ಸುದ್ದಿಯನ್ನು ಮನೆಗೆ ಹೇಳುವ ಮೊದಲು ಪುಟದಲ್ಲಿ ಹೇಳತಕ್ಕದ್ದು. ಇಂಥ ಒಂದು ಸಾಲು ಬರೆಯುವ ಕಚೇರಿ ಎಲ್ಲೇ ಇರಲಿ, ಅದಕ್ಕೆ ಕೈಮುಗಿಯಬೇಕು.

ಕೆಲಸ ಉಳಿಯಿತು. ಆದರೆ ಮನೆಗೆ ಹೋಗಲು ಅವಳಿಗೆ ಕಾಲು ಬರಲಿಲ್ಲ. ಮೇಲಧಿಕಾರಿಯನ್ನು ಎದುರಿಸಿದ್ದು ದೊಡ್ಡದಲ್ಲ, ಮನೆಯಲ್ಲಿ ಕುಳಿತಿರುವವರು ಅತ್ತೆ. ಅತ್ತೆಗೆ ಹೇಳಬೇಡಿ ಎಂಬ ಸಾಲನ್ನು ಊರೆಲ್ಲ ಓದಿ ನಕ್ಕಿತ್ತು, ಯಾರ ಅತ್ತೆ ಎಂದು ತಿಳಿಯದೆಯೇ. ದಿನಾ ಬರುವ ಬಾಯಾರಿದ ಗೃಹಿಣಿಯಿಂದ ಅಂದು ಒಂದು ದೂರೂ ಬಂದಿರಲಿಲ್ಲ.

ಬಾಗಿಲು ತೆರೆದರೆ ಅಡುಗೆಮನೆಯ ಕಟ್ಟೆಯ ಮೇಲೆ ಇದ್ದಬದ್ದ ಪಾತ್ರೆಗಳಲ್ಲೆಲ್ಲ ಕುದಿಸಿದ ನೀರು ಆರುತ್ತಿತ್ತು. ನಾದಿನಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಣ್ಣಲ್ಲೇ ಹುಷಾರು ಎಂದಳು. ಅತ್ತೆ ಮೂಲೆಯಲ್ಲಿ ಕನ್ನಡಕ ಏರಿಸಿ, ಒಂದೇ ಬೆರಳಿನಿಂದ ಫೋನು ಕುಟ್ಟುತ್ತಿದ್ದರು. ಸೊಸೆ ಬಂದದ್ದು ಗೊತ್ತಾಗಿಯೂ ತಲೆ ಎತ್ತಲಿಲ್ಲ. ಅವಳು ಕ್ಷಮಿಸಿ ಎನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಗುಂಯ್‌ಗುಟ್ಟಿತು. ಕಚೇರಿಯ ಪುಟಕ್ಕೆ ಹೊಸ ಮಾತೊಂದು ಬಂದಿತ್ತು. ಹೂವಿನ ಚಿತ್ರವಿರಲಿಲ್ಲ, ಅದರ ಜಾಗದಲ್ಲಿ ಅತ್ತೆಯ ಮುಖವಿತ್ತು, ಕನ್ನಡಕದ ಸಮೇತ.

"ಡಂಗುರ ಸಾರ್ತಾರೆ ಅಂದಿದ್ದೆಯಲ್ಲ, ಸಾರ್ತಿದ್ದೀನಿ. ಎಲ್ಲರೂ ಕೇಳಿ. ಈ ನಲ್ಲಿ ಅಕ್ಕ ನನ್ನ ಸೊಸೆ."