ರೂಪಶ್ರೀಯ ಎಡಗಾಲು

ಮಂಡಿಚಿಪ್ಪಿಗೆ ಪೆಟ್ಟು ಬಿದ್ದು ಅಜ್ಮತ್ ಉಲ್ಲಾ ಬೆಂಗಳೂರಿನ ಫುಟ್‌ಬಾಲ್ ಕ್ಲಬ್ ಬಿಟ್ಟು ಗುಂಡ್ಲುಪೇಟೆಗೆ ವಾಪಸು ಬಂದಾಗ ಅವನಿಗಿನ್ನೂ ಇಪ್ಪತ್ತಾರು. ಡಿಫೆಂಡರ್ ಎಂದು ನಾಲ್ಕು ಜನ ಗುರುತಿಸುವಷ್ಟರಲ್ಲಿ ಆಟ ಮುಗಿದಿತ್ತು. ಅಣ್ಣನ ಪಾತ್ರೆ ಅಂಗಡಿಯಲ್ಲಿ ಕೂತು ಬೇಸರವಾಗಿ, ಸಂಜೆ ಹೊತ್ತು ಮೈದಾನದಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸತೊಡಗಿದ. ವರ್ಷಗಳ ಮೇಲೆ ಕಲ್ಲಿಕೋಟೆಯ ಕ್ಲಬ್ಬೊಂದು ಅವನನ್ನು ಸ್ಕೌಟ್ ಮಾಡಿಕೊಂಡಿತು. ಊರೂರು ತಿರುಗಿ ಒಳ್ಳೆಯ ಆಟಗಾರರನ್ನು ಹುಡುಕಿ ಕಳಿಸುವ ಕೆಲಸ.

ಮೊದಲು ಆರಿಸಿದ್ದು ತನ್ನ ಕೈಯಲ್ಲೇ ಕಲಿತ, ಹತ್ತಿರದ ತೆರಕಣಾಂಬಿಯ ರೂಪಶ್ರೀಯನ್ನು. ಹದಿನೇಳರ ಹುಡುಗಿ. ಅವಳು ಎಡಗಾಲಲ್ಲಿ ಹೊಡೆದರೆ ಗೋಲ್‌ಕೀಪರ್ ಕೈಯೆತ್ತುವುದರೊಳಗೆ ಬಲೆ ಅಲುಗುತ್ತಿತ್ತು. ತಾಯಿ ಚಿಕ್ಕಮಲ್ಲಮ್ಮ ಮಾರುಕಟ್ಟೆಯಲ್ಲಿ ಈರುಳ್ಳಿ ಹಸನು ಮಾಡುವವಳು.

"ಕೇರಳದಲ್ಲಿ ಒಬ್ಳೇ ಎಂಗಿದ್ದಾಳು ಸಾಬ್ರೇ?" ಎಂದು ಹೆದರಿದಳು.

"ನಾನಿಲ್ವಾ ಅಮ್ಮ? ನನ್ ಮಗ್ಳಂಗೆ ನೋಡ್ಕೋತೀನಿ," ಎಂದು ಅಜ್ಮತ್ ಒಪ್ಪಿಸಿದ.

ಕಲ್ಲಿಕೋಟೆಯ ಆಯ್ಕೆ ಪಂದ್ಯದಲ್ಲಿ ರೂಪಶ್ರೀ ಎರಡು ಗೋಲು ಹೊಡೆದಳು. ಮಾರನೆಯ ದಿನ ವೈದ್ಯರ ತಪಾಸಣೆ. ಸ್ಕ್ಯಾನ್ ನೋಡಿದ ಡಾಕ್ಟರು ಅಜ್ಮತ್ ಒಬ್ಬನನ್ನೇ ಒಳಗೆ ಕರೆದರು. ಹೃದಯದ ಗೋಡೆ ದಪ್ಪಗಾಗಿದೆ, ಓಡುತ್ತಿರುವಾಗಲೇ ನಿಂತುಹೋಗಬಹುದು, ಇನ್ನು ಆಟ ಬೇಡ ಎಂದರು.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅವಳೆದುರು ಕೂತು ಅವನು ಹೇಗೋ ಹೇಳಿ ಮುಗಿಸಿದ.

"ನಂಗೆ ಎಲ್ಲೂ ನೋವಿಲ್ವಲ್ಲ ಸಾರ್."

"ನೋವು ಗೊತ್ತಾಗಲ್ವಂತೆ ಕಣಮ್ಮಿ."

ಎದುರಿನ ಲೋಟ ಪಕ್ಕಕ್ಕೆ ಸರಿಸಿ ಅವಳೆಂದಳು: "ನೀವು ಇಲ್ಲಿಗೆ ಕರ್ಕೊಂಡ್ ಬರ್ದೇ ಇದ್ದಿದ್ರೆ ಆಡ್ಕೊಂಡಿರ್ತಿದ್ದೆ."

"ಆಡ್ತಾ ಆಡ್ತಾ ಸತ್ತೋಗ್ಬುಡ್ತಿದ್ದೆ."

"ಓಗ್ತಿದ್ದೆ, ಬುಡಿ."

ಮೈಸೂರಿನಲ್ಲಿ ಮತ್ತೆ ತೋರಿಸಿದರು. ಅಲ್ಲೂ ಅದೇ ಮಾತು. "ನನ್ ಮಗ್ಳ ಜೀವ ಉಳಿಸ್ಬುಟ್ರಿ" ಎಂದು ಚಿಕ್ಕಮಲ್ಲಮ್ಮ ಕೈಮುಗಿದಾಗ ಅಜ್ಮತ್ ತಲೆ ತಗ್ಗಿಸಿದ. ಮಗಳು ಮನೆಯೊಳಗಿನಿಂದ ಹೊರಗೆ ಬರಲೇ ಇಲ್ಲ.

ಚಿಕ್ಕ ಮಕ್ಕಳಿಗೆ ಕಲಿಸು, ಆಟ ಹೋದ ಮೇಲೆ ನಾನೂ ಹಾಗೇ ಮಾಡಿದ್ದು ಎಂದು ಅವನು ಹೇಳಿಕಳಿಸಿದ. ಒಂದು ಸಂಜೆ ಬಂದಳು. ಮೈದಾನದಂಚಿನಲ್ಲಿ ಕೂತಿದ್ದವಳ ಕಾಲ ಬಳಿ ಚೆಂಡು ಉರುಳಿ ಬಂತು. ಒದೆಯಲಿಲ್ಲ, ಬಗ್ಗಿ ಎತ್ತಿಕೊಂಡು ಮಕ್ಕಳ ಕೈಗೆ ಕೊಟ್ಟಳು. ಆಮೇಲೆ ಅತ್ತ ಸುಳಿಯಲಿಲ್ಲ. ಚಾಮರಾಜನಗರದ ಬಟ್ಟೆ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದಳೆಂದು ತಿಳಿಯಿತು.

ರಂಜಾನ್ ಹತ್ತಿರ ಬಂದಾಗ ಹೆಂಡತಿಗೆ ಬಟ್ಟೆ ಕೊಳ್ಳುವ ನೆಪದಲ್ಲಿ ಅಜ್ಮತ್ ಬೇಕೆಂದೇ ಆ ಅಂಗಡಿಗೆ ಹೋದ. ಅವಳು ನಗುತ್ತ ಸ್ಟೂಲು ತೋರಿಸಿದಳು. ನಿನ್ನ ಆಟ ನನ್ನಿಂದಲೇ ಹೋಯಿತು ಎಂದು ಹೇಳಲೆಂದೇ ಅವನು ಬಂದಿದ್ದ.

"ಔಷಧಿ ತಗೋತಿದ್ದೀಯಾ?" ಎಂದಷ್ಟೇ ಕೇಳಿದ.

"ತಗೋತಿದ್ದೀನಿ ಸಾರ್. ಆಂಟಿಗೆ ಯಾವ್ ಬಣ್ಣ ಇಷ್ಟ?"

ಅವಳು ಒಂದೊಂದೇ ಬಟ್ಟೆ ಬಿಚ್ಚಿ ಹರಡುತ್ತ ಹೋದಳು. ಅಜ್ಮತ್ ಯಾವುದನ್ನೋ ತೋರಿಸಿದ.