ತಲೆನೋವಿನ ಗಿರಾಕಿಗಳು

"ವಾಪಸ್ ಕೊಟ್ಬಿಡಿ ಸಾರ್. ಈ ಮಾಲಿಗೆ ನಿಮ್ಮ ಕಡೆ ಡಿಮ್ಯಾಂಡೇ ಇಲ್ಲ," ಎನ್ನುತ್ತ ಕಂಪನಿಯ ಪ್ರತಿನಿಧಿ ಚೀಲದ ಬಾಯಿ ಅಗಲಿಸಿದ. ಗಾಜಿನ ಕೌಂಟರಿನ ಮೇಲೆ ಧೂಳು ಕೂತ ಗುಲಾಬಿ ಪೆಟ್ಟಿಗೆಗಳಿದ್ದವು. ಯೋನಿಯ ಯೀಸ್ಟ್ ಸೋಂಕಿನ ಔಷಧಿಗಳು. ಔಷಧಿ ಅಂಗಡಿಯ ಯಜಮಾನರು ಆ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿದವರಲ್ಲ. ಪೆಟ್ಟಿಗೆಗಳನ್ನು ಮೇಲಿನ ಅಟ್ಟಣೆಯಲ್ಲಿ, ಟಾನಿಕ್ ಬಾಟಲಿಗಳ ಬೆನ್ನಿಗೆ ಅಡಗಿಸಿಟ್ಟಿದ್ದರು.

"ಸಾಯಂಕಾಲದವರೆಗೆ ತಾಳಿ," ಎಂದಳು ಸೊಸೆ. ಫಾರ್ಮಸಿ ಓದಿಕೊಂಡು ಮನೆ ತುಂಬಿದವಳು. ಅಂಗಡಿಗೆ ಬರತೊಡಗಿ ತಿಂಗಳೂ ಆಗಿರಲಿಲ್ಲ. "ಡಿಮ್ಯಾಂಡ್ ಇದೆ, ಕೇಳೋಕೆ ಬಾಯಿಲ್ಲ ಅಷ್ಟೆ. ಮಾವ, ಎಲ್ಲರೂ ಹೋಗೋವರೆಗೂ ಕಾದು, ಕೊನೆಗೆ ತಲೆನೋವಿನ ಗುಳಿಗೆ ತಗೊಂಡು ಹೋಗ್ತಾರಲ್ಲ ಕೆಲವರು, ಅವರಿಗೆ ನಿಜವಾಗ್ಲೂ ತಲೆನೋವು ಅಂದ್ಕೊಂಡಿದೀರಾ?"

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಈ ಬೀದಿಯ ಹೆಂಗಸರಿಗೆ ತಲೆನೋವು ಜಾಸ್ತಿಯೆಂದು ಇಷ್ಟು ವರ್ಷವೂ ಮರುಗುತ್ತಲೇ ಗುಳಿಗೆ ಕೊಟ್ಟಿದ್ದರು.

"ಹಾಗಾದ್ರೆ ನಾನೇನು ಮಾಡ್ಬೇಕು?"

"ಒಳಗೆ ಕೂತ್ಕೊಳ್ಳಿ. ಗಂಡಸರಿದ್ರೆ ಯಾರೂ ಬಾಯಿ ಬಿಡಲ್ಲ."

"ಯಜಮಾನ್ರಿಗೇ ಗೇಟ್‌ಪಾಸ್!" ಪ್ರತಿನಿಧಿ ನಕ್ಕ.

"ನಿಮ್ಮನ್ನೂ ಸೇರಿಸೇ ಕೊಟ್ಟಿದೀನಿ, ಅಣ್ಣ."

ಪರದೆಯ ಹಿಂದಿನ ಗೋದಾಮಿನಲ್ಲಿ ಇಬ್ಬರೂ ರಟ್ಟಿನ ಡಬ್ಬಗಳ ಮೇಲೆ ಕೂತರು. ಸೊಸೆಯ ಮಾತು ಸುಳ್ಳಾದರೆ ಪೆಟ್ಟಿಗೆಗಳು ಹೋಗುತ್ತವೆ. ಅವಳ ಉತ್ಸಾಹವೂ ಅದೇ ಚೀಲ ಸೇರುತ್ತದೆ ಎಂಬುದೇ ಯಜಮಾನರ ಅಳುಕು.

ಬಿಸಿಲು ಇಳಿಯುವ ಹೊತ್ತಿಗೆ ಹೊಲಿಗೆ ಟೀಚರ್ ಬಂದರು.

"ತಲೆನೋವಿಗೆ ಏನಾದ್ರೂ ಕೊಡಮ್ಮ."

"ಕೊಡ್ತೀನಿ ಅಕ್ಕ. ತಲೇಲೇ ತಾನೆ ನೋವು?"

ಹೊರಗೆ, ಬಿಗಿದ ದಾರ ಸಡಿಲಿದಂಥ ಒಂದು ಸಣ್ಣ ನಗು. "ನೀನೊಬ್ಳು!" ಎಂದ ದನಿ ತಗ್ಗಿತು. ತುರಿಕೆ, ಉರಿ, ಒಡೆದ ಹಾಲಿನಂಥ ಬಿಳಿ ಸ್ರಾವ. ಈ ವರ್ಷ ಮೂರನೇ ಸಲ. ಗಂಡನ ಹುಳುಕಡ್ಡಿಯ ಮುಲಾಮನ್ನೇ ಕದ್ದು ಹಚ್ಚಿಕೊಂಡದ್ದು.

ಒಳಗೆ ಪ್ರತಿನಿಧಿ ಹೆಬ್ಬೆರಳೆತ್ತಿದ. ಕೊಟ್ಟುಬಿಡು ಮಗಳೇ, ಎಂದು ಯಜಮಾನರ ಮನಸ್ಸೂ ತುದಿಗಾಲಲ್ಲಿ ನಿಂತಿತು.

"ಆ ಮುಲಾಮು ಮೊದಲು ಬಿಸಾಕಿ," ಎಂದಳು ಸೊಸೆ. "ಇದಕ್ಕೇ ಅಂತ ಔಷಧಿ ಇದೆ. ಹಚ್ಚೋದಿದೆ, ಒಳಗಿಡೋ ಮಾತ್ರೆ ಇದೆ, ನುಂಗೋದೂ ಇದೆ. ಆದ್ರೆ ಪದೇ ಪದೇ ಬರ್ತಿದೆ ಅಂದ್ಮೇಲೆ ನಾನು ಸುಮ್ನೆ ಕೊಡಲ್ಲ. ಡಾಕ್ಟರಮ್ಮನಿಗೆ ತೋರಿಸಿ, ಸಕ್ಕರೆ ಕಾಯಿಲೆ ಇದೆಯೇನೋ ನೋಡಿಸ್ಕೊಳ್ಳಿ. ಅವರು ಬರೆದದ್ದನ್ನ ಕೊಡ್ತೀನಿ."

"ಗಲೀಜು ಹೆಂಗಸು ಅಂದ್ಕೊಂಡ್ರೆ?"

"ನೆಗಡಿ ಬಂದವರನ್ನ ಗಲೀಜು ಅಂತಾರಾ ಅಕ್ಕ? ಇದೂ ಮೈಗೆ ಬರೋದೇ."

ಟೀಚರ್ ಬರಿಗೈಯಲ್ಲಿ ಹೋದರು.

"ಕೈಗೆ ಬಂದ ಗಿರಾಕಿನ ಸಾಗಹಾಕಿದ್ರಲ್ಲ ಸಾರ್ ನಿಮ್ಮ ಸೊಸೆ!" ಎನ್ನುತ್ತ ಪರದೆ ಸರಿಸಿ ಹೊರಬಂದ ಪ್ರತಿನಿಧಿ ಕೌಂಟರಿನ ಪೆಟ್ಟಿಗೆಗಳತ್ತ ಕೈ ಚಾಚಿದ.

ಹಿಂದೆಯೇ ಬಂದ ಯಜಮಾನರು ಅವನ ಮುಂಗೈ ಹಿಡಿದರು. ಅಂಗಡಿಯ ಬೋರ್ಡು ಮೊದಲ ಸಲ ಮೇಲೇರಿದ ದಿನವೂ ಅವರ ಎದೆ ಹೀಗೆ ಉಬ್ಬಿರಲಿಲ್ಲ. "ಔಷಧಿ ಅಂಗಡಿ ಅಂದ್ರೆ ಹೀಗಿರ್ಬೇಕು ಕಣಯ್ಯ. ಅವು ಇಲ್ಲೇ ಇರ್ಲಿ. ಮುಂದಿನ ಸಲ ಇನ್ನಷ್ಟು ತಗೊಂಡ್ಬಾ." ಆಮೇಲೆ ಸೊಸೆಯ ಕಡೆ ತಿರುಗಿ, "ಎದುರಿಗೇ ಜೋಡಿಸಮ್ಮ, ಕಣ್ಣಿಗೆ ಬೀಳೋ ಹಾಗೆ," ಎಂದರು.

ಕೆಲವು ದಿನಗಳ ಮೇಲೆ ಟೀಚರ್ ಡಾಕ್ಟರಮ್ಮನ ಚೀಟಿ ಹಿಡಿದು ಬಂದರು. ಹಿಂದೆ ಹೊಲಿಗೆ ತರಗತಿಯ ಇನ್ನಿಬ್ಬರು. ಯಜಮಾನರು, ಯಾರೂ ಹೇಳದೆಯೇ, ಚಪ್ಪಲಿ ಮೆಟ್ಟಿ ಬೀದಿಗಿಳಿದರು. ರೇಜರ್ ಬ್ಲೇಡಿಗೆಂದು ದಾಪುಗಾಲು ಹಾಕಿ ಬಂದವನೊಬ್ಬನಿಗೆ ಕೈ ಅಡ್ಡ ಹಿಡಿದರು.

"ಸ್ವಲ್ಪ ತಾಳಪ್ಪ."

"ಯಾಕೆ ಸಾರ್? ಅಂಗಡಿ ತೆಗೆದೇ ಇದೆಯಲ್ಲ?"

"ಇದೆ. ಒಳಗೆ ನಮ್ಮ ಸೊಸೆ ಮಾತಾಡ್ತಾ ಇದಾಳೆ."

ಅವರು ಹೇಳಿದ ರೀತಿಗೆ ಅವನು ಎರಡು ಹೆಜ್ಜೆ ಹಿಂದೆ ಸರಿದ. ಒಳಗಿನಿಂದ ಹೆಂಗಸರ ನಗು ಬೀದಿಯವರೆಗೂ ಹರಿದು ಬಂತು. ಲೈಟು ಕಂಬದ ಸಪೂರ ನೆರಳಲ್ಲಿ ಇಬ್ಬರೂ ನಿಂತರು. ನೆರಳು ಸರಿದಂತೆ ತಾವೂ ಒಂದಿಷ್ಟು ಸರಿದುಕೊಂಡರು.