ದೊರೆ ಬಿಟ್ಟು ಹೋದ ಲಗೊಂಡಾ

ಸುಂಟಿಕೊಪ್ಪದಿಂದ ಮಡಿಕೇರಿಗೆ ಹತ್ತುವ ರಸ್ತೆಯಲ್ಲಿ ಒಂದು ಕೆಟ್ಟ ತಿರುವಿದೆ. ಅದರ ಮೇಲಿನ ದಿಬ್ಬದಲ್ಲಿ ನಾಣಯ್ಯನ ಮನೆ. ಎಂಥ ಕಾರೇ ಬರಲಿ, ಯಾವ ರಾಜಾಧಿರಾಜನೇ ಅದರಲ್ಲಿ ಕೂತಿರಲಿ, ಆ ತಿರುವಿನಲ್ಲಿ ವೇಗ ಇಳಿಸಲೇಬೇಕು. ಇಳಿಸುವ ರೀತಿಯಲ್ಲೇ ಮನುಷ್ಯನ ಯೋಗ್ಯತೆ ಗೊತ್ತಾಗುತ್ತದೆ ಎಂಬುದು ನಾಣಯ್ಯನ ವಾದ. ಯುದ್ಧದ ಕಾಲದಲ್ಲಿ ಬರ್ಮಾ ಗಡಿಯವರೆಗೆ ಪಟ್ಟಾಳದ ಲಾರಿ ಓಡಿಸಿದವನು, ಆಮೇಲೆ ಬೆಂಗಳೂರು ದಂಡಿನಲ್ಲಿ ಆಫೀಸರುಗಳ ಕಾರು ತೊಳೆದು ನಿಲ್ಲಿಸಿದವನು, ಕೊನೆಗೆ ಊರಿಗೆ ಬಂದು ಅಪ್ಪ ಬಿಟ್ಟ ತುಂಡು ಕಾಫಿ ತೋಟ ನೋಡಿಕೊಂಡು ಜಗುಲಿಯ ಕುರ್ಚಿ ಹಿಡಿದಿದ್ದ. ಸ್ವಂತಕ್ಕೆ ಒಂದು ಸೈಕಲ್ಲೂ ಇರಲಿಲ್ಲ. ಅಭಿಪ್ರಾಯಗಳು ಮಾತ್ರ ಬೇಕಾದಷ್ಟಿದ್ದವು.

ಅವನ ಪ್ರಕಾರ ರೋಲ್ಸ್ ರಾಯ್ಸ್ ಓಡಿಸುವವನು ಕಾರು ಓಡಿಸುವುದೇ ಇಲ್ಲ, ದೇವರ ಮೂರ್ತಿ ಹೊತ್ತುಕೊಂಡು ನಡೆಯುತ್ತಾನೆ. ಹಿಂದೆ ಕೂತವನಿಗೆ ನಿದ್ದೆ ಬಂದರೆ ಮುಂದಿನವನಿಗೆ ಮೋಕ್ಷ. ಬೆಂಟ್ಲಿಯವರು ಒಳ್ಳೆಯವರು, ಆದರೆ ರಸ್ತೆ ತಮ್ಮ ತಾತನದು ಎಂದುಕೊಂಡಿರುತ್ತಾರೆ. ಎಂ.ಜಿ.ಯಲ್ಲಿ ನಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಬರುತ್ತಿದ್ದ ಒಬ್ಬಳು ದೊರೆಸಾನಿ ಇದ್ದಳು. ಬ್ರೇಕು ಮುಟ್ಟದೆ ಗೇರಿನಲ್ಲೇ ವೇಗ ಇಳಿಸಿ ಅವಳು ಆ ತಿರುವು ದಾಟುವುದನ್ನು ಕಂಡರೆ ನಾಣಯ್ಯ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದ. ಇನ್ನು ಜಾಗ್ವಾರ್. ಅದರಷ್ಟು ಚೆಂದದ ಕಾರು ಮನುಷ್ಯ ಮಾಡಿಲ್ಲ, ಅದನ್ನು ಕೊಳ್ಳುವವರಷ್ಟು ಹಗುರ ಜನ ಎಲ್ಲೂ ಇಲ್ಲ, ನೂರಕ್ಕೆ ತೊಂಬತ್ತು ಮಂದಿ ಕನ್ನಡಿಯಲ್ಲಿ ರಸ್ತೆ ನೋಡುವುದು ಬಿಟ್ಟು ತಮ್ಮ ಕ್ರಾಪು ನೋಡಿಕೊಳ್ಳುತ್ತಾರೆ ಎನ್ನುತ್ತಿದ್ದ. ಒಳಗಿನಿಂದ ಹೆಂಡತಿ ಬೊಳ್ಳಮ್ಮ ಇದನ್ನೆಲ್ಲ ಹೂಂಗುಟ್ಟುತ್ತ ಕೇಳುತ್ತಿದ್ದಳು. ಮಕ್ಕಳಿಲ್ಲದ ಆ ಮನೆಯಲ್ಲಿ ಸಂಸಾರದ ಮಾತೆಂದರೆ ಹೆಚ್ಚಾಗಿ ಇದೇ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷ ಆಗಿತ್ತು. ಬಿಳಿ ದೊರೆಗಳು ಒಬ್ಬೊಬ್ಬರಾಗಿ ಎಸ್ಟೇಟು ಮಾರಿ ಹಡಗು ಹತ್ತುತ್ತಿದ್ದರು. ಅವರ ಕಾರುಗಳು ಊರವರ ಕೈಗೆ ಬರುತ್ತಿದ್ದವು. ನಾಣಯ್ಯನಿಗೆ ಇದು ಸುಗ್ಗಿಯ ಕಾಲವಾಗಬೇಕಿತ್ತು. ಆದರೆ ಆ ವರ್ಷ ಅವನಿಗೆ ಯಾವುದರಲ್ಲೂ ರುಚಿ ಉಳಿದಿರಲಿಲ್ಲ. ಕಾರು ಬಂದರೆ ಬಾಯಿಂದ ಮಾತು ಹೊರಡುತ್ತಿತ್ತು, ಕೆಮ್ಮು ಹೊರಟ ಹಾಗೆ, ಅಷ್ಟೆ. ಕಾವೇರಿ ಸಂಕ್ರಮಣ ಕಳೆದ ಮೇಲೆ ಬೊಳ್ಳಮ್ಮ ಹಾಸಿಗೆ ಹಿಡಿದಿದ್ದಳು. ಕಾಲು ಊದಿತ್ತು, ನಾಲ್ಕು ಮಾತಾಡಿದರೆ ಏದುಸಿರು. ಅನ್ನ ಬೇಯಿಸಿ, ಅವಳನ್ನು ಎತ್ತಿ ಕೂರಿಸಿ, ಒರೆಸಿ, ಮಲಗಿಸಿ, ತೋಟದ ಕೊಯ್ಲಿನ ಆಳುಗಳ ಕಡೆ ಒಂದು ಕಣ್ಣಿಟ್ಟು ನಾಣಯ್ಯ ಬತ್ತಿ ಹೋಗಿದ್ದ. ಸಾಕಾಗಿತ್ತು ಅವನಿಗೆ. ಸಾಕಾಯಿತು ಎಂದು ಹೇಳಿಕೊಳ್ಳಲೂ ಶಕ್ತಿ ಇರಲಿಲ್ಲ.

ಸುಂಟಿಕೊಪ್ಪದ ಡಾಕ್ಟರು ಬಂದು ನೋಡಿ, ಇದು ಹೃದಯದ ತೊಂದರೆ, ಮಡಿಕೇರಿಯ ದೊಡ್ಡಾಸ್ಪತ್ರೆಗೆ ಸೇರಿಸಿ, ತಡ ಮಾಡಿದರೆ ಕೈಮೀರುತ್ತದೆ ಎಂದು ಬಿಡಿಸಿ ಹೇಳಿದ್ದರು. ದಾರಿಯಲ್ಲಿ ಕುಲುಕಬಾರದು ಎಂದೂ ಹೇಳಿದ್ದರು. ಆ ಒಂದು ಮಾತು ನಾಣಯ್ಯನನ್ನು ಹಿಡಿದುಕೊಂಡುಬಿಟ್ಟಿತು. ಬಸ್ಸಿನಲ್ಲಿ ಅವಳು ಕೂರಲಾರಳು. ಬಾಡಿಗೆ ಜೀಪಿನ ಸಾಂತಪ್ಪ ಗುಂಡಿ ಕಂಡ ಮೇಲೆ ಬ್ರೇಕು ಒತ್ತುವವನು. ಟ್ಯಾಕ್ಸಿಯ ಗಂಗಣ್ಣ ಕ್ಲಚ್ಚಿನ ಮೇಲೇ ಕಾಲಿಟ್ಟು ಬದುಕುವವನು. ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಲಾರಿ ಕಳಿಸುತ್ತೇನೆಂದಾಗ ನಾಣಯ್ಯ ಅವನ ಮುಖವನ್ನೇ ನೋಡಲಿಲ್ಲ. ಹೀಗೆ ಒಬ್ಬೊಬ್ಬರನ್ನೇ ಬೇಡವೆನ್ನುತ್ತ ವಾರಗಳು ಉರುಳಿದವು. ಹೆಂಡತಿಯನ್ನು ಕಾಯಿಲೆ ತಿನ್ನುತ್ತಿದೆಯೋ ತನ್ನ ಅಭಿಪ್ರಾಯಗಳು ತಿನ್ನುತ್ತಿವೆಯೋ ಎಂದು ಒಮ್ಮೊಮ್ಮೆ ಅವನಿಗೇ ಹೆದರಿಕೆಯಾಗುತ್ತಿತ್ತು.

ಕುಲುಕದ ಕಾರು ಇಡೀ ಸೀಮೆಯಲ್ಲಿ ಒಂದೇ ಇತ್ತು. ಅದು ಎದುರು ಗುಡ್ಡದಲ್ಲಿ, ಅಣ್ಣ ಉತ್ತಯ್ಯನ ಮನೆಯ ಕೊಟ್ಟಿಗೆಯಲ್ಲಿ ನಿಂತಿತ್ತು. ಒಬ್ಬ ಮುದಿ ದೊರೆ ಊರು ಬಿಡುವಾಗ ಅಗ್ಗಕ್ಕೆ ಕೊಟ್ಟುಹೋದ ಲಗೊಂಡಾ. ಯುದ್ಧಕ್ಕೆ ಮೊದಲಿನದು, ಉದ್ದ ಮೂತಿ, ಒಳಗೆ ಹಾಸಿಗೆಯಂಥ ತೊಗಲಿನ ಸೀಟು. ಅದನ್ನು ಮೊದಲ ಸಲ ನೋಡಿದ ದಿನ ನಾಣಯ್ಯನಿಗೆ ಊಟ ಸೇರಿರಲಿಲ್ಲ. ಅಂಥ ಕಾರು ತನಗಲ್ಲದೆ, ಐವತ್ತು ದಾಟಿದ ಮೇಲೆ ಡ್ರೈವಿಂಗು ಕಲಿಯಲು ಹೊರಟ ಅಣ್ಣನಿಗೆ ಸಿಕ್ಕಿತಲ್ಲ ಎಂಬ ಸಂಕಟ. ಅದೇ ಸಂಕಟದಲ್ಲಿ ಸಂತೆಯ ದಿನ ಸುಂಟಿಕೊಪ್ಪದ ಹೋಟೆಲಿನಲ್ಲಿ ಕೂತಿದ್ದಾಗ, ನಿಮ್ಮಣ್ಣನ ಕಾರು ಹೇಗೆ ಎಂದು ಯಾರೋ ಕೇಳಿದರು.

"ಕಾರಿಗೆ ದೊರೆ ಬಿಟ್ಟು ಹೋದ ಸಂಕಟ ಇನ್ನೂ ಮುಗ್ದಿಲ್ಲ. ಅದ್ಕೇ ನಮ್ಮಣ್ಣ ಗೇರು ಹಾಕಿದಾಗೆಲ್ಲ ಅಳ್ತದೆ" ಎಂದ ನಾಣಯ್ಯ.

ಹೋಟೆಲಿಗೆ ಹೋಟೆಲೇ ನಕ್ಕಿತು. ಸಂಜೆಯೊಳಗೆ ಮಾತು ಉಪ್ಪು ಖಾರ ಹಚ್ಚಿಕೊಂಡು ಉತ್ತಯ್ಯನ ಮನೆ ಸೇರಿತು. ಅಪ್ಪ ಸತ್ತ ಮೇಲೆ ತಮ್ಮನನ್ನು ಸಾಕಿ, ಪಟ್ಟಾಳಕ್ಕೆ ಹೋಗುವಾಗ ಮೈಸೂರಿನವರೆಗೆ ಬಂದು ರೈಲು ಹತ್ತಿಸಿದ್ದ ಅಣ್ಣ ಅವನು. ಮರುದಿನ ಬೆಳಿಗ್ಗೆ ನಡೆದೇ ಬಂದು ಅಂಗಳದಲ್ಲಿ ನಿಂತು, ಈ ಮನೆ ಮೆಟ್ಟಿಲು ನಾನು ಇನ್ನು ಹತ್ತುವುದು ಸಾವಿಗೆ ಮಾತ್ರ ಎಂದು ಹೇಳಿ ಹೋದ. ಆಮೇಲೆ ಹುತ್ತರಿ ಹಬ್ಬಗಳು ಬಂದವು, ಹೋದವು. ಅಣ್ಣ ಬರಲಿಲ್ಲ, ತಮ್ಮ ಕರೆಯಲಿಲ್ಲ. ಬೊಳ್ಳಮ್ಮ ಕಾಯಿಲೆ ಬಿದ್ದ ಮೇಲೆ ಒಂದು ಸಲ, ಬಾವನ ಕಾರು ಕೇಳಬಾರದೇ ಎಂದಿದ್ದಳು. ನಾಣಯ್ಯ ಗಂಜಿಗೆ ಉಪ್ಪು ಹಾಕಲು ಎದ್ದು ಹೋದ. ಆಡಿದ್ದು ನಿಜ ತಾನೆ, ಗೇರು ಅಳುವುದು ನಿಜ ತಾನೆ ಎಂದು ಅವನ ಹಟ. ಆ ಹಟವನ್ನು ಹೊತ್ತುಕೊಂಡಿರುವುದೂ ಈಗೀಗ ಭಾರವಾಗುತ್ತಿತ್ತು.

ಜನವರಿಯ ಒಂದು ಬೆಳಿಗ್ಗೆ, ಮಂಜು ಇನ್ನೇನು ಏಳುತ್ತಿದ್ದಾಗ, ಮಡಿಕೇರಿ ಕಡೆಯಿಂದ ಒಂದು ಜಾಗ್ವಾರ್ ಇಳಿದು ಬಂತು. ಹೊಸದಾಗಿ ಕೊಂಡವನು ಪೂವಯ್ಯ, ಮೇಲಿನ ಎಸ್ಟೇಟಿನ ಸಾಹುಕಾರರ ಮಗ. ನಾಣಯ್ಯ ಕುರ್ಚಿಯಲ್ಲಿ ಒರಗಿ ಅರೆಗಣ್ಣು ಮುಚ್ಚಿದ್ದ. ಇಳಿಜಾರಿನಲ್ಲಿ ಎಂಜಿನ್ನಿನ ಸದ್ದು ತಟ್ಟನೆ ನಿಂತದ್ದು ಅವನ ಕಿವಿಗೆ ಬಿತ್ತು. ಇದು ಪುಂಡರ ಆಟವೆಂದು ಅವನಿಗೆ ಗೊತ್ತಿತ್ತು. ಕಾರು ಗೇರಿನಲ್ಲೇ ಇಳಿಯುತ್ತಿರುವಾಗ ಕೀ ತಿರುಗಿಸಿ ಎಂಜಿನ್ ಆರಿಸಬೇಕು, ಕಾಲನ್ನು ಆಕ್ಸಿಲರೇಟರಿನ ಮೇಲೆ ಒತ್ತಿ ಹಿಡಿಯಬೇಕು, ಮತ್ತೆ ಕೀ ತಿರುಗಿಸಬೇಕು. ಸೈಲೆನ್ಸರಿನಲ್ಲಿ ತುಂಬಿಕೊಂಡ ಪೆಟ್ರೋಲಿನ ಆವಿ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಯಾರಾದರೂ ತಿರುಗಿ ನೋಡಲಿ ಎಂಬುದಷ್ಟೇ ಅದರ ಪ್ರಯೋಜನ. "ದರಿದ್ರ" ಎಂದು ನಾಣಯ್ಯ ಗೊಣಗುವಷ್ಟರಲ್ಲಿ ಮನೆಯ ಕೆಳಗೇ, ತಿರುವಿನಲ್ಲೇ, ಢಂ ಎಂದಿತು. ಒಂದು ಉಸಿರು ಬಿಟ್ಟು ಮತ್ತೊಮ್ಮೆ, ಢಂ.

ಸದ್ದು ಗುಡ್ಡದಿಂದ ಗುಡ್ಡಕ್ಕೆ ಹೋಯಿತು. ಪೂವಯ್ಯ ಖುಷಿಯಾಗಿ ಸುಂಟಿಕೊಪ್ಪಕ್ಕೆ ಕಾಫಿ ಕುಡಿಯಲು ಹೋದ. ಹಿಂದೆ ಏನಾಯಿತೆಂದು ಅವನಿಗೆ ಗೊತ್ತಾಗಲೇ ಇಲ್ಲ.

ಈ ಸೀಮೆಯಲ್ಲಿ ಗಂಡು ಮಗು ಹುಟ್ಟಿದರೆ ಕೋವಿಯಿಂದ ಒಂದು ಗುಂಡು ಹಾರಿಸುತ್ತಾರೆ. ಒಂದರ ಹಿಂದೆ ಒಂದು ಎರಡು ಹಾರಿದರೆ ಸಾವು. ಆ ಎರಡು ಗುಂಡು ಕೇಳಿದ ಮೇಲೆ ಗದ್ದೆಯಲ್ಲಿದ್ದವನು ಗದ್ದೆ ಬಿಡಬೇಕು, ತೋಟದಲ್ಲಿದ್ದವನು ತೋಟ ಬಿಡಬೇಕು. ಎಷ್ಟು ವರ್ಷದ ಜಗಳವಿದ್ದರೂ ಸಾವಿನ ಮನೆಗೆ ಬರಬೇಕು. ನಾಣಯ್ಯನ ಮನೆಯಲ್ಲಿ ಬೊಳ್ಳಮ್ಮ ಮಲಗಿರುವುದು ಊರಿಗೆಲ್ಲ ಗೊತ್ತಿತ್ತು. ಸದ್ದು ಬಂದ ದಿಕ್ಕೂ ಅದೇ. ಇನ್ನು ಕೇಳುವುದೇನಿದೆ?

ಮೊದಲು ಬಂದವಳು ಕೆಳಮನೆಯ ಮುತ್ತಮ್ಮ. ಎದೆಯ ಮೇಲೆ ಕೈಯಿಟ್ಟುಕೊಂಡು ಅಳುತ್ತಲೇ ದಿಬ್ಬ ಹತ್ತಿದವಳು ಅಂಗಳದಲ್ಲಿ ನಿಂತು, ಒಳಗಿನಿಂದ ಬೊಳ್ಳಮ್ಮನೇ ಯಾರದು ಎಂದು ಕೇಳಿದಾಗ ಅಳುವುದೋ ಬಿಡುವುದೋ ತಿಳಿಯದೆ ಕೂತುಬಿಟ್ಟಳು. ಅವಳ ಹಿಂದೆ ಸಾವಿಗೆಂದು ತಲೆವಸ್ತ್ರ ಸುತ್ತಿಕೊಂಡ ಗಂಡಸರು ಬಂದರು. ಒಬ್ಬ ಕತ್ತಿ ತಂದಿದ್ದ, ಚಟ್ಟಕ್ಕೆ ಬಿದಿರು ಕಡಿಯಲು. ನಾಣಯ್ಯ ಎಲ್ಲರಿಗೂ ಜಾಗ್ವಾರಿನ ಕತೆ ಹೇಳಿ ಹೇಳಿ ಸೋತ. ಕೆಲವರು ನಕ್ಕರು. ಕತ್ತಿ ತಂದವನಿಗೆ ಮಾತ್ರ ಸಿಟ್ಟು ಬಂತು, ಪೂವಯ್ಯನ ಅಪ್ಪನಿಗೆ ಹೇಳಿಯೇ ತೀರುತ್ತೇನೆಂದ. ಅಷ್ಟು ಜನ ತನ್ನ ಅಂಗಳದಲ್ಲಿ ಸಾವಿನ ಮುಖ ಹೊತ್ತು ನಿಂತದ್ದನ್ನು ಕಂಡು ನಾಣಯ್ಯ ಒಮ್ಮೆ ಒಳಗೆ ಹೋಗಿ ಬೊಳ್ಳಮ್ಮನ ಉಸಿರು ನೋಡಿ ಜಗುಲಿಗೆ ಬಂದ. ಇವತ್ತು ಸುಳ್ಳಾದದ್ದು ಇನ್ನೊಂದು ವಾರಕ್ಕೆ ನಿಜವಾಗಬಹುದು. ಆಗ ಇವರೇ, ಇದೇ ಬಟ್ಟೆಯಲ್ಲಿ ಬರುತ್ತಾರೆ.

ಆಗ ಕೆಳಗೆ ರಸ್ತೆಯಲ್ಲಿ ಒಂದು ಕಾರು ಬಂತು. ನೋಡದೆಯೇ ನಾಣಯ್ಯನಿಗೆ ತಿಳಿಯಿತು. ಎರಡನೇ ಗೇರಿನಲ್ಲೇ ಕಿರುಚುತ್ತ, ಬಾನೆಟ್ಟಿನಿಂದ ಹಬೆ ಬಿಡುತ್ತ ಲಗೊಂಡಾ ದಿಬ್ಬದ ಬುಡಕ್ಕೆ ಬಂದು ನಿಂತಿತು. ಉತ್ತಯ್ಯ ಇಳಿದ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಜನ ದಾರಿ ಬಿಟ್ಟರು. ಯಾರೋ ವಿಷಯ ಹೇಳಲು ಬಾಯಿ ತೆರೆದರು, ಅವನು ಕೇಳಿಸಿಕೊಳ್ಳಲಿಲ್ಲ. ಅಂಗಳಕ್ಕೆ ಬಂದು ಜಗುಲಿಯ ಮೇಲೆ ನಿಂತ ತಮ್ಮನನ್ನು ನೋಡಿದ. ನೋಡುತ್ತಲೇ ಇದ್ದ.

"ಎರಡ್ ಗುಂಡ್ ಕೇಳ್ತ್. ನಿಮ್ಮಿಬ್ರಲ್ಲಿ ಯಾರ್‌ಂತ ಗೊತ್ತಾತ್ಲೆ" ಎಂದ. ಕಣ್ಣು ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ.

"ಯಾರೂ ಇಲ್ಲೆ, ಅಣ್ಣ" ಎಂದ ನಾಣಯ್ಯ. "ಪೂವಯ್ಯನ ಕಾರ್‌ದ್ ಸದ್ದ್ ಅದ್."

ಉತ್ತಯ್ಯ ತಲೆ ಆಡಿಸಿದ. ಮೆಟ್ಟಿಲ ಹತ್ತಿರ ಬಂದ ಕಾಲು ಅಲ್ಲೇ ನಿಂತಿತು. ಸಾವಿಗೆ ಮಾತ್ರ ಹತ್ತುತ್ತೇನೆಂದು ಹೇಳಿದ್ದ ಮನುಷ್ಯ, ಸಾವು ಇಲ್ಲಿರಲಿಲ್ಲ. ಹೇಳಿದ ಮಾತು ಮುರಿಯುವ ಜಾಯಮಾನ ಆ ಮನೆತನದಲ್ಲಿ ಯಾರಿಗೂ ಇಲ್ಲ. ಅವನು ಕಾರಿನ ಕಡೆ ತಿರುಗಿದ. ಅವನ ಬೆನ್ನು ನಾಣಯ್ಯನಿಗೆ ಕಂಡಿತು. ಮೈಸೂರು ಸ್ಟೇಷನ್ನಿನಲ್ಲಿ ರೈಲು ಹೊರಟ ಮೇಲೂ ಕೈಯೆತ್ತಿಕೊಂಡೇ ನಿಂತಿದ್ದವನ ಬೆನ್ನು ಹೀಗೆ ಬಗ್ಗಿರಲಿಲ್ಲ. ಇವನು ಈಗ ಹೋದರೆ ಮತ್ತೆ ಬರುವುದು ನಿಜವಾದ ಗುಂಡಿಗೇ ಎಂದು ನಾಣಯ್ಯನಿಗೆ ಖಂಡಿತವಾಗಿ ಅನ್ನಿಸಿತು. ಹಟವೆಲ್ಲ ಎಲ್ಲಿ ಹೋಯಿತೋ. ಜಗುಲಿ ಇಳಿದು, ಅಂಗಳ ದಾಟಿ, ಅಣ್ಣನ ತೋಳು ಹಿಡಿದ.

"ಇವಳ್ನ ಮಡಿಕೇರಿಗೆ ಕರ್ಕಂಡ್ ಹೋಕು. ನಿನ್ನ ಕಾರ್ ಬೇಕು. ನನ್ನ ಕೈಲಿ ಇನ್ನ್ ಆಗ್ದ್, ಅಣ್ಣ."

ಉತ್ತಯ್ಯ ತಮ್ಮನ ಕೈ ಬಿಡಿಸಿಕೊಂಡು ನೇರವಾಗಿ ಮೆಟ್ಟಿಲು ಹತ್ತಿ ಒಳಗೆ ಹೋದ. ಬೊಳ್ಳಮ್ಮ ಬಾವನನ್ನು ಕಂಡು ಸೆರಗು ಸರಿಮಾಡಿಕೊಳ್ಳಲು ನೋಡಿದಳು. ಅವನು ಅವಳನ್ನು ಚಾಪೆ ಸಮೇತ ಎತ್ತಲು ಬಗ್ಗಿದ. ಹೆಣ ಹೊರಲು ಬಂದಿದ್ದ ಗಂಡಸರೆಲ್ಲ ಕೈ ಕೊಟ್ಟರು. ಎಷ್ಟೋ ದಿನದಿಂದ ಅವಳನ್ನು ಒಬ್ಬನೇ ಎತ್ತಿ ಎತ್ತಿ ಬೆನ್ನು ಹೋಗಿದ್ದ ನಾಣಯ್ಯನಿಗೆ, ಚಾಪೆಯ ಒಂದು ತುದಿ ಹಿಡಿದಾಗ, ಅವಳು ಇಷ್ಟು ಹಗುರವೇ ಎನ್ನಿಸಿ ದುಃಖ ಒತ್ತರಿಸಿ ಬಂತು.

ರೇಡಿಯೇಟರಿಗೆ ನೀರು ಹಾಕಿ, ಎಂಜಿನ್ ತಣಿದ ಮೇಲೆ, ಬೊಳ್ಳಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಉತ್ತಯ್ಯ ಕೀಯನ್ನು ತಮ್ಮನ ಮುಂದೆ ಹಿಡಿದ. ನೀನೇ ಓಡಿಸು ಎಂದ. ನಾಣಯ್ಯ ಕೀ ನೋಡಿದ. ತೆರೆದ ಬಾಗಿಲಿನಿಂದ ಸ್ಟಿಯರಿಂಗು ಕಾಣುತ್ತಿತ್ತು, ದೊರೆಯ ಅಂಗೈ ಉಜ್ಜಿ ಉಜ್ಜಿ ಕಪ್ಪು ಹೊಳಪು ಬಂದ ದೊಡ್ಡ ಚಕ್ರ. ಇಂಥ ಚಕ್ರದ ಹಿಂದೆ ಒಂದು ಸಲ ಕೂರಬೇಕೆಂದು ಎಷ್ಟು ವರ್ಷ ಜಗುಲಿಯಲ್ಲಿ ಬಾಯಿ ಚಪ್ಪರಿಸಿದ್ದ. ಹಿಂದಿನ ಸೀಟಿನಲ್ಲಿ ಬೊಳ್ಳಮ್ಮನ ತಲೆ ಒರಗಲು ಏನೂ ಇಲ್ಲದೆ ಪಕ್ಕಕ್ಕೆ ಜಾರುತ್ತಿತ್ತು.

"ನೀನೇ ಓಡ್ಸ್" ಎಂದು ನಾಣಯ್ಯ ಹಿಂದೆ ಹತ್ತಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ.

ಕಾರು ಹೊರಟಿತು. ಮೊದಲ ಗೇರು ಅರಚಿತು. ಎರಡನೆಯದು ಅದಕ್ಕಿಂತ ಜೋರಾಗಿ ಅರಚಿತು. ನಾಣಯ್ಯ ಹಲ್ಲು ಕಚ್ಚಿಕೊಂಡ. ಉತ್ತಯ್ಯ ಎರಡು ಕೈಯಲ್ಲೂ ಚಕ್ರವನ್ನು ಅಪ್ಪಿಕೊಂಡು, ಕತ್ತು ಮುಂದೆ ಚಾಚಿ, ಗುಂಡಿಯೊಂದು ದೂರದಲ್ಲಿ ಕಂಡರೂ ನಿಲ್ಲಿಸಿದಷ್ಟು ನಿಧಾನ ಮಾಡಿ, ಬಳಸಿ, ದಾಟುತ್ತಿದ್ದ. ಹಿಂದೆ ಬಂದ ಬಸ್ಸು ಹಾರ್ನ್ ಹೊಡೆದು ಹೊಡೆದು ಬೇಸತ್ತು ಮುಂದೆ ಹೋಯಿತು. ಆಮೇಲೆ ಕಾಫಿ ಮೂಟೆಯ ಗಾಡಿಯೊಂದು ಮಾತ್ರ ಇವರ ಮುಂದೆ ಇತ್ತು, ಅದನ್ನೂ ದಾಟುವ ಪ್ರಯತ್ನ ಉತ್ತಯ್ಯ ಮಾಡಲಿಲ್ಲ. ತೋಟದ ನೆರಳು ಬೊಳ್ಳಮ್ಮನ ಮುಖದ ಮೇಲೆ ಮೆಲ್ಲಗೆ ಹಾದು ಹೋಗುತ್ತಿತ್ತು.

"ಹಿಂಗೆ ಸಾಕಾ? ಇನ್ನೂ ಮೆಲ್ಲ ಹೋಕಾ?" ಎಂದು ಉತ್ತಯ್ಯ ರಸ್ತೆಯಿಂದ ಕಣ್ಣು ಕೀಳದೆ ಕೇಳಿದ. ಕೇಳಿದ ಧ್ವನಿಯಲ್ಲಿ ಅಳುಕಿತ್ತು. ತಮ್ಮನ ಬಾಯಿಂದ ಏನು ಬರುತ್ತದೋ ಎಂದು ಅವನ ಹೆಗಲು ಬಿಗಿದುಕೊಂಡದ್ದು ನಾಣಯ್ಯನಿಗೆ ಹಿಂದಿನಿಂದ ಕಂಡಿತು.

ನಾಣಯ್ಯ ಬಗ್ಗಿ ಹೆಂಡತಿಯನ್ನು, ನೋವಾಗುತ್ತಿದೆಯೇ ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿ ಕಣ್ಣು ಮುಚ್ಚಿದಳು. ಎಷ್ಟೋ ದಿನದ ಮೇಲೆ ಅವಳಿಗೆ ನಿದ್ದೆ ಬರುತ್ತಿತ್ತು.

"ಇವಳಿಗೆ ನೋವಿಲ್ಲೆ, ಅಣ್ಣ" ಎಂದ ನಾಣಯ್ಯ. "ನೀ ಒಳ್ಳೆ ಡ್ರೈವರ್."